ಸಾಬುವಿನ ಅಂಗಿ

ನನ್ನ ಸೋದರಮಾವ ಹೆಗ್ಗಡದೇವನಕೋಟೆ ಕಡೆಯವರು. ಆನೆ, ತೇಗ, ಮಲೇರಿಯಾ ಬಿಟ್ಟರೆ ನಿಮ್ಮ ಸೀಮೆಯಲ್ಲಿ ಇನ್ನೇನಿದೆ ಎಂದು ಮೈಸೂರಿನ ನೆಂಟರು ಛೇಡಿಸಿದಾಗಲೆಲ್ಲ ಅವರು ನಶ್ಯದ ಡಬ್ಬಿ ಮುಚ್ಚಿ, ಗಂಟಲು ಸರಿಮಾಡಿಕೊಂಡು, 'ಸಾಬು' ಎನ್ನುತ್ತಿದ್ದರು. ಅಷ್ಟೇ. ಮುಂದಿನದು ನಾವು ಕೇಳಿದರೆ ಮಾತ್ರ. ನಾವು ಕೇಳಿಯೇ ಕೇಳುತ್ತಿದ್ದೆವು.

ಅದೇ ಸೀಮೆಯ ಕಾರಾಪುರದ ಮಾವುತನ ಮಗ, 1924ರಲ್ಲಿ ಹುಟ್ಟಿದವನು. ಕಿಪ್ಲಿಂಗನ ಕತೆ ಹಿಡಿದು ಮೈಸೂರು ಸೀಮೆಗೆ ಬಂದ ಸಿನಿಮಾ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿಯ ತಂಡದ ಕಣ್ಣಿಗೆ ಬಿದ್ದು 1937ರಲ್ಲಿ 'ಎಲಿಫೆಂಟ್ ಬಾಯ್' ಆದ. 1940ರಲ್ಲಿ 'ದಿ ಥೀಫ್ ಆಫ್ ಬಾಗ್ದಾದ್'ನ ಕಳ್ಳ ಅಬು. ಅದನ್ನು ನಾನು ನೋಡಿದ್ದು ಶಾಲೆಯ ಬಯಲಲ್ಲಿ, ಪಂಚೆಯಂಥ ತೆರೆಯ ಮೇಲೆ, ಮಾವ–ಅತ್ತೆಯರ ನಡುವೆ ಕೂತು. ಗಾಳಿ ಬೀಸಿದಾಗಲೆಲ್ಲ ಬಾಗ್ದಾದು ಹೊಟ್ಟೆ ಉಬ್ಬಿಸುತ್ತಿತ್ತು. ಸೀಸೆಯಿಂದ ಹೊಗೆಯಾಗಿ ಹೊರಟ ಭೂತ ಮೂರು ವರ ಕೊಟ್ಟರೆ, ಹಸಿದ ಅಬು ಮೊದಲು ಕೇಳಿದ್ದು ಅಮ್ಮ ಮಾಡುತ್ತಿದ್ದಂಥ ಸಾಸೇಜು. ಬಾಣಲೆಯಲ್ಲಿ ಚುರುಗುಟ್ಟಿದ್ದನ್ನು ಅತ್ತೆ ಬಾಳೆಕಾಯಿ ಬಜ್ಜಿಯೆಂದೇ ತೀರ್ಮಾನಿಸಿ ಕಣ್ಣೊರೆಸಿಕೊಂಡರು.

ಬಾಗ್ದಾದಿನ ದೊರೆ ಇಂಗ್ಲೆಂಡಿನ ಜಾನ್ ಜಸ್ಟಿನ್. ಬಸ್ರಾದ ರಾಜಕುಮಾರಿ ಜೂನ್ ಡುಪ್ರೆ, ಅವಳೂ ಇಂಗ್ಲೆಂಡಿನವಳೇ. ದುಷ್ಟ ಮಂತ್ರಿ ಜರ್ಮನಿಯ ಕಾನ್ರಾಡ್ ವೀಟ್. ಮೈಬಣ್ಣ ತುಸು ಗಾಢವಾಗಿದ್ದವರ ಪಾಲಿಗೆ ಉಳಿದದ್ದು ಒಂದು ಸೀಸೆ, ಒಂದು ಲಂಗೋಟಿ. ಸೀಸೆ ಅಮೆರಿಕದ ಕಪ್ಪು ನಟ ರೆಕ್ಸ್ ಇಂಗ್ರಾಮನಿಗೆ, ಲಂಗೋಟಿ ನಮ್ಮ ಸಾಬುವಿಗೆ.

ನನಗೆ ಆಗ ಇದೇನೂ ವಿಚಿತ್ರ ಅನ್ನಿಸಲಿಲ್ಲ. ನಮ್ಮ ಶಾಲೆಯ ನಾಟಕದಲ್ಲೂ ಪ್ರತಿವರ್ಷ ರಾಮನಾಗುತ್ತಿದ್ದವನು ತರಗತಿಯ ಅತಿ ಬೆಳ್ಳಗಿನ ಹುಡುಗ. ರಾಮ ನೀಲಮೇಘಶ್ಯಾಮನೆಂದು ಪಾಠ ಹೇಳಿದ ಮೇಷ್ಟರೇ ಅವನ ಕೆನ್ನೆಗೆ ಬಟ್ಟೆಯ ನೀಲಿ ಕಲಸಿ ಬಳಿಯುತ್ತಿದ್ದರು. ಖರ್ಚಿಲ್ಲದೆ ಶ್ಯಾಮನಾಗಿದ್ದ ನಾನು ಒಂದು ವರ್ಷ ಖರ, ಇನ್ನೊಂದು ವರ್ಷ ದೂಷಣ. ಸಾಯುವುದನ್ನು ಮಾತ್ರ ಬಹಳ ಚೆನ್ನಾಗಿ ಕಲಿತೆ.

ಅತ್ತೆಯ ತಕರಾರೇ ಬೇರೆ. "ಅಷ್ಟು ದುಡ್ಡು ಸುರಿದಿದಾರೆ, ಆ ಮಗೂಗೆ ಒಂದು ಅಂಗಿ ಹೊಲಿಸಬಾರದಿತ್ತೇ?" 1942ರ 'ಜಂಗಲ್ ಬುಕ್'ನಲ್ಲಿ ಅವನು ಮೌಗ್ಲಿಯೆಂದು ಮಾವ ಹೇಳಿದಾಗಂತೂ ಅವರು ಆಸೆಯನ್ನೇ ಬಿಟ್ಟರು. ಸಮಾಧಾನಕ್ಕೆ ಮಾವ ಯುದ್ಧದ ಕತೆ ತೆಗೆದರು: ಸಾಬು 1944ರಲ್ಲಿ ಅಮೆರಿಕದ ಪ್ರಜೆಯಾದ, ಬಾಂಬರ್ ವಿಮಾನದ ಬಾಲದಲ್ಲಿ ಕೂತು ಬಂದೂಕು ಹಿಡಿದ, ಪದಕ ಪಡೆದ. "ಯೂನಿಫಾರ್ಮ್ ಕಣೇ, ಗುಂಡಿ ಸಮೇತ!" ಅತ್ತೆ ಆ ರಾತ್ರಿ ನೆಮ್ಮದಿಯಿಂದ ಮಲಗಿದರು. 1963ರ ಡಿಸೆಂಬರಿನಲ್ಲಿ, ಮೂವತ್ತೊಂಬತ್ತಕ್ಕೇ ಅವನ ಹೃದಯ ನಿಂತದ್ದನ್ನು ಮಾವ ಕೊನೆಯವರೆಗೂ ಅವರಿಗೆ ಹೇಳಲಿಲ್ಲ. ನಾನೂ ಹೇಳಿಲ್ಲ.

ಈಗ ಮಾವ ಇಲ್ಲ. ಅತ್ತೆಗೆ ಕಣ್ಣು ಮಂಜು. ಮೊನ್ನೆ ಫೋನಿನಲ್ಲೇ ಆ ಸಿನಿಮಾ ಹಾಕಿ ಅವರ ಮಡಿಲಲ್ಲಿಟ್ಟೆ. ಕೊನೆಯಲ್ಲಿ ದೊರೆಗೆ ರಾಜಕುಮಾರಿ ಸಿಗುತ್ತಾಳೆ. ಅಬುವನ್ನು ಓದಿಸಿ ಮಂತ್ರಿ ಮಾಡುವ ಮಾತು ಏಳುತ್ತಲೇ ಹುಡುಗ ಮಾಯಾ ಕಂಬಳಿ ಹತ್ತಿ ಹಾರಿಹೋಗುತ್ತಾನೆ. ಅತ್ತೆ ಪರದೆಯನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಹೋದನೇನೋ?"

"ಹೋದ, ಅತ್ತೆ."

"ಅಂಗಿ ಹಾಕ್ಕೊಂಡಿದಾನಾ?"

"ಹಾಕ್ಕೊಂಡಿದಾನೆ" ಎಂದೆ.