ಮೇವ್ ಬ್ರೆನನ್ ಬಿಟ್ಟುಬಾರದ ಮನೆ

ಪಿಎಚ್‌ಡಿ ಯಾರ ಮೇಲೆ ಮಾಡ್ತಿದ್ದೀಯ ಅಂತ ಊರಲ್ಲಿ ಯಾರಾದರೂ ಕೇಳಿದರೆ ‘ಐರ್ಲೆಂಡಿನ ಒಬ್ಬ ಲೇಖಕಿ’ ಅನ್ನುತ್ತೇನೆ. ವಿಭಾಗದಲ್ಲಿ ಕೇಳಿದರೆ ‘ಐರಿಷ್-ಅಮೆರಿಕನ್’ ಅಂತ ಅಡ್ಡಗೆರೆ ಹಾಕಿ ಹೇಳುತ್ತೇನೆ. ಮೇವ್ ಬ್ರೆನನ್ ಎಂಬ ಹೆಸರು ಹೇಳಿದಾಗ ಹೆಚ್ಚಿನವರ ಮುಖದಲ್ಲಿ ಯಾವ ಬದಲಾವಣೆಯೂ ಆಗುವುದಿಲ್ಲ. ಅಪರೂಪಕ್ಕೆ ಒಬ್ಬಿಬ್ಬರಿಗೆ ಗೊತ್ತಿರುತ್ತದೆ. ಅವರಿಗೆ ಗೊತ್ತಿರುವುದು ಒಂದೇ ಸಂಗತಿ: ‘ಆಫೀಸಿನ ಟಾಯ್ಲೆಟ್ಟಿನಲ್ಲಿ ವಾಸ ಮಾಡುತ್ತಿದ್ದರಲ್ಲ, ಅವರೇ ತಾನೆ?’

ಹೌದು, ಅವರೇ. ಆ ಮಾತಿಗೆ ಆಮೇಲೆ ಬರುತ್ತೇನೆ.

ಮೇವ್ ಹುಟ್ಟಿದ್ದು 1917ರ ಜನವರಿ 6ರಂದು, ಡಬ್ಲಿನ್‌ನಲ್ಲಿ. ಆಗ ಅಪ್ಪ ರಾಬರ್ಟ್ ಬ್ರೆನನ್ ಜೈಲಿನಲ್ಲಿದ್ದರು. 1916ರ ಈಸ್ಟರ್ ದಂಗೆಯಲ್ಲಿ ಭಾಗವಹಿಸಿದ್ದಕ್ಕೆ ಬ್ರಿಟಿಷರು ಅವರಿಗೆ ಮರಣದಂಡನೆ ವಿಧಿಸಿ, ಆಮೇಲೆ ಅದನ್ನು ಸೆರೆವಾಸಕ್ಕೆ ಇಳಿಸಿದ್ದರು. ಮೇವ್‌ಗೆ ಐದು ವರ್ಷ ತುಂಬುವ ಹೊತ್ತಿಗೆ ಕುಟುಂಬ ಡಬ್ಲಿನ್‌ನ ರಾನೆಲಾ ಬಡಾವಣೆಯ ಚೆರ್ರಿಫೀಲ್ಡ್ ಅವೆನ್ಯೂದ 48ನೇ ನಂಬರಿನ ಮನೆಗೆ ಬಂತು. ಸಾಲುಮನೆಗಳಲ್ಲಿ ಒಂದು, ದೊಡ್ಡದೇನಲ್ಲ. ಬೀದಿ ಬಾಗಿಲು ತೆಗೆದರೆ ಇಕ್ಕಟ್ಟಾದ ನಡೆ, ಪಕ್ಕದಲ್ಲಿ ಮುಂದೊಂದು ಹಿಂದೊಂದು ಕೋಣೆ, ಮಹಡಿಗೆ ಮೆಟ್ಟಿಲು, ಕೆಲವು ಮೆಟ್ಟಿಲು ಕೆಳಗಿಳಿದರೆ ಅಡುಗೆಮನೆ, ಹಿಂದೆ ಪುಟ್ಟ ತೋಟ, ಗೋಡೆ. 1934ರಲ್ಲಿ ಅಪ್ಪನಿಗೆ ವಾಷಿಂಗ್ಟನ್‌ನಲ್ಲಿ ಐರ್ಲೆಂಡಿನ ರಾಜತಾಂತ್ರಿಕ ಹುದ್ದೆ ಸಿಕ್ಕಿತು, ಎಲ್ಲರೂ ಹೊರಟರು. 1947ರಲ್ಲಿ ಅಪ್ಪ ಅಮ್ಮ ಡಬ್ಲಿನ್‌ಗೆ ಮರಳಿದರು. ಮೇವ್ ಮರಳಲಿಲ್ಲ. ಆಗಲೇ ನ್ಯೂಯಾರ್ಕಿನಲ್ಲಿ ‘ಹಾರ್ಪರ್ಸ್ ಬಜಾರ್’ ಪತ್ರಿಕೆಯ ಕೆಲಸದಲ್ಲಿದ್ದರು. 1949ರಲ್ಲಿ ‘ನ್ಯೂಯಾರ್ಕರ್’ ಸೇರಿದರು.

ಮೇವ್ ಆ ಮನೆ ಬಿಟ್ಟದ್ದು ಹದಿನೇಳನೇ ವಯಸ್ಸಿನಲ್ಲಿ. ಮುಂದೆ ಬರೆದ ಡಬ್ಲಿನ್ ಕತೆಗಳಲ್ಲಿ ಮುಖ್ಯವಾದವೆಲ್ಲ ಅದೇ ಮನೆಯೊಳಗೆ ನಡೆಯುತ್ತವೆ. ಮೊದಲು ಬಾಲ್ಯದ ನೆನಪಿನ ತುಣುಕುಗಳಿವೆ. ಐರ್ಲೆಂಡಿನ ಅಂತರ್ಯುದ್ಧದ ದಿನಗಳಲ್ಲಿ ಅಪ್ಪ ತಲೆಮರೆಸಿಕೊಂಡಿದ್ದಾಗ ಬಂದೂಕು ಹಿಡಿದವರು ಮನೆ ಶೋಧಿಸಲು ನುಗ್ಗಿದ ಪ್ರಸಂಗ ಅಲ್ಲಿದೆ. ಈಗ ನುಗ್ಗಿದವರು ಬ್ರಿಟಿಷರಲ್ಲ, ಸ್ವತಂತ್ರ ಐರ್ಲೆಂಡಿನ ಸರ್ಕಾರದ ಕಡೆಯವರು, ಅಂದರೆ ನಿನ್ನೆಯ ಸಂಗಾತಿಗಳು. ಮೇವ್ ಆ ರಾಜಕೀಯವನ್ನು ವಿವರಿಸಲು ಹೋಗುವುದೇ ಇಲ್ಲ. ಮಗುವಿನ ಕಣ್ಣಿಗೆ ಕಾಣುವುದು ಕಿತ್ತುಹಾಕಿದ ಮನೆ, ಮತ್ತು ಒಬ್ಬಾತ ಹೊಗೆಗೂಡಿನೊಳಗೆ ಕೈ ತೂರಿಸಿದಾಗ ಸುರಿದ ಮಸಿ, ಅಷ್ಟೇ. ಐರಿಷ್ ಇತಿಹಾಸದ ದಪ್ಪ ದಪ್ಪ ಪುಸ್ತಕಗಳನ್ನು ಓದಿ ನನಗೆ ತಿಳಿದದ್ದಕ್ಕಿಂತ ಹೆಚ್ಚು ಈ ಮಸಿಯಿಂದ ತಿಳಿಯಿತು ಅಂದರೆ ಗೈಡ್ ಮೇಡಂ ಒಪ್ಪಲಿಕ್ಕಿಲ್ಲ.

ಆಮೇಲೆ ಅದೇ ಮನೆಗೆ ಡರ್ಡನ್ ದಂಪತಿ ಬರುತ್ತಾರೆ, ಹ್ಯೂಬರ್ಟ್ ಮತ್ತು ರೋಸ್. ಒಬ್ಬನೇ ಮಗ ಜಾನ್, ಪಾದ್ರಿಯಾಗಿ ಮನೆಬಿಟ್ಟವನು. ಅದೇ ಮನೆಗೆ ಬ್ಯಾಗಟ್ ದಂಪತಿಯೂ ಬರುತ್ತಾರೆ, ಮಾರ್ಟಿನ್ ಮತ್ತು ಡೀಲಿಯಾ. ಇಬ್ಬರು ಹೆಣ್ಣುಮಕ್ಕಳು, ಅವರಿಗೂ ಮೊದಲು ಹುಟ್ಟಿ ಮೂರೇ ದಿನ ಬದುಕಿದ ಒಂದು ಗಂಡುಮಗು. ಸಂಸಾರ ಬೇರೆ, ಮೆಟ್ಟಿಲು ಅದೇ. ಜಗಳ ಬೇರೆ, ಅಡುಗೆಮನೆಯ ಬಾಗಿಲು ಅದೇ. ವೈದೇಹಿಯವರ ಕತೆಗಳನ್ನು ಓದಿ ಬೆಳೆದ ನಮ್ಮಂಥವರಿಗೆ ಒಳಕೋಣೆಯ ಕತೆ ಹೊಸದೇನಲ್ಲ. ಆದರೆ ಒಂದೇ ಒಳಕೋಣೆಗೆ ಸಂಸಾರಗಳನ್ನು ಬದಲಾಯಿಸಿ ಬದಲಾಯಿಸಿ ತಂದು ಕೂರಿಸಿ, ಏನಾಗುತ್ತದೆಂದು ಇಪ್ಪತ್ತು ವರ್ಷ ನೋಡುತ್ತ ಕೂತವರನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ.

ನನ್ನ ಪ್ರಬಂಧದ ವಿಷಯ ಇಪ್ಪತ್ತನೇ ಶತಮಾನದ ಪ್ರಯೋಗಶೀಲ ಲೇಖಕಿಯರು. ಮೊದಲ ಸೆಮಿನಾರಿನಲ್ಲಿ ಹಿರಿಯ ಪ್ರಾಧ್ಯಾಪಕರೊಬ್ಬರು, ‘ಎಲ್ಲಾ ಸರಿ ಕಣಮ್ಮ, ಇದರಲ್ಲಿ ಪ್ರಯೋಗ ಎಲ್ಲಿದೆ? ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ, ಅಷ್ಟೇ ತಾನೆ?’ ಅಂದರು. ಸಭೆ ನಕ್ಕಿತು. ನ್ಯಾಯವಾದ ಪ್ರಶ್ನೆಯೇ. ಮೇವ್ ವಾಕ್ಯಗಳನ್ನು ಮುರಿಯುವುದಿಲ್ಲ, ವಿರಾಮ ಚಿಹ್ನೆಗಳನ್ನು ಕಿತ್ತೆಸೆಯುವುದಿಲ್ಲ. ಪುಟದ ಮೇಲೆ ನೋಡಿದರೆ ಜಾಯ್ಸ್‌ನ ಊರಿನವರು ಅಂತ ಗೊತ್ತಾಗುವುದೂ ಕಷ್ಟ. ನಾನು ಆವತ್ತು ಏನೋ ಒಂದು ಉತ್ತರ ಹೇಳಿ ಕೂತೆ.

ಉತ್ತರ ಸಿಕ್ಕಿದ್ದು ಪತ್ರಿಕೆಯ ಹಳೆಯ ಪುಟಗಳಲ್ಲಿ. ಅಲ್ಲಿಯವರೆಗೆ ನಾನು ಓದಿದ್ದು 1997ರಲ್ಲಿ ಬಂದ ‘ದ ಸ್ಪ್ರಿಂಗ್ಸ್ ಆಫ್ ಅಫೆಕ್ಷನ್’ ಸಂಕಲನವನ್ನು. ಲೇಖಕಿ ತೀರಿಕೊಂಡು ನಾಲ್ಕು ವರ್ಷದ ಮೇಲೆ ಬಂದ ಪುಸ್ತಕ ಅದು. ಅದರಲ್ಲಿ ಡರ್ಡನ್ ಕತೆಗಳೆಲ್ಲ ಒಂದು ಕಡೆ, ಬ್ಯಾಗಟ್ ಕತೆಗಳೆಲ್ಲ ಒಂದು ಕಡೆ. ಡರ್ಡನ್ ಭಾಗ ರೋಸ್ ಸತ್ತ ಮೇಲಿನ ‘ದ ಡ್ರೌನ್ಡ್ ಮ್ಯಾನ್’ ಕತೆಯೊಂದಿಗೆ ಮುಗಿಯುತ್ತದೆ. ಒಪ್ಪವಾದ ಜೋಡಣೆ, ಹೆಚ್ಚುಕಡಿಮೆ ಒಂದು ಕಾದಂಬರಿಯ ಹಾಗೆ ಓದಿಸಿಕೊಳ್ಳುತ್ತದೆ. ‘ನ್ಯೂಯಾರ್ಕರ್’ನ ಸ್ಕ್ಯಾನ್ ಮಾಡಿದ ಪುಟಗಳಲ್ಲಿ ಕತೆ ಹೀಗಿಲ್ಲ. ಒಡವೆಯ, ವಿಸ್ಕಿಯ ಜಾಹೀರಾತುಗಳ ನಡುವೆ ಸಣಕಲು ಕಾಲಮ್ಮುಗಳಲ್ಲಿ ಕತೆಗಳು ಇಳಿಯುತ್ತ ಹೋಗುತ್ತವೆ, ಮತ್ತು ರೋಸ್ ಡರ್ಡನ್ 1963ರಲ್ಲೇ ಸತ್ತುಹೋಗಿದ್ದಾಳೆ. 1964ರಲ್ಲಿ ಬಂದ ‘ಎ ಫ್ರೀ ಚಾಯ್ಸ್’ನಲ್ಲಿ ಅವಳು ಮದುವೆಯಾಗದ ಹುಡುಗಿ. 1973ರ ‘ಫ್ಯಾಮಿಲಿ ವಾಲ್ಸ್’ನಲ್ಲಿ ಮತ್ತೆ ಗೃಹಿಣಿ, ಸಂಜೆ ಮನೆಗೆ ಬಂದ ಗಂಡನಿಗೆ ಎದುರಾಗುವುದು ಮುಚ್ಚಿದ ಅಡುಗೆಮನೆ ಬಾಗಿಲು.

ಸಾವು ಬರೆದು ಹತ್ತು ವರ್ಷದ ಮೇಲೆ ಲೇಖಕಿ ಅದೇ ಬಾಗಿಲಿಗೆ ವಾಪಸ್ಸು ಬಂದಿದ್ದಾರೆ. ಕತೆ ಮುಂದುವರಿಸುವುದಕ್ಕೆ ಬಂದದ್ದಲ್ಲ, ಮುಂದೆ ಏನಾಗುತ್ತದೆಂದು ವಾರವಾರ ಪತ್ರಿಕೆ ಓದುತ್ತಿದ್ದವರಿಗೆ ಗೊತ್ತಿದೆ. ಹಾಗಾದರೆ ಯಾಕೆ? ಈ ಪ್ರಶ್ನೆಯನ್ನು ಸಂಕಲನದ ಒಪ್ಪವಾದ ಜೋಡಣೆ ಮುಚ್ಚಿಬಿಟ್ಟಿದೆ. ಸಂಪಾದಕರನ್ನು ನಾನು ದೂರುತ್ತಿಲ್ಲ, ಆ ಪುಸ್ತಕ ಇಲ್ಲದಿದ್ದರೆ ಮೇವ್ ನನ್ನವರೆಗೆ ಬರುತ್ತಲೇ ಇರಲಿಲ್ಲ. ಆದರೆ ನನಗೆ ಬೇಕಾದ ಪ್ರಯೋಗ ಇದ್ದದ್ದು ಅಲ್ಲೇ, ಆ ಕ್ರಮಭಂಗದಲ್ಲಿ.

‘ದ ಡ್ರೌನ್ಡ್ ಮ್ಯಾನ್’ ಬಗ್ಗೆ ಇನ್ನೆರಡು ಮಾತು ಹೇಳದೆ ಮುಂದೆ ಹೋಗಲಾರೆ. ಹೆಂಡತಿ ಸತ್ತಿದ್ದಾಳೆ. ಅವಳು ಮಲಗುತ್ತಿದ್ದ ಕೋಣೆ ನೋಡಬೇಕು ಅನ್ನಿಸುತ್ತದೆ ಹ್ಯೂಬರ್ಟ್‌ಗೆ. ಜೊತೆಗಿರಲು ಬಂದ ತಂಗಿಗೆ ಅಣ್ಣನ ದುಃಖ ಕಂಡು ಕನಿಕರ. ಅವನಿಗೋ ದುಃಖವೇ ಬರುತ್ತಿಲ್ಲ. ನಲವತ್ತು ವರ್ಷ ಒಂದೇ ಸೂರಿನಡಿ ಇದ್ದವಳ ಬಗ್ಗೆ ತನಗೆ ಏನೂ ಅನ್ನಿಸುತ್ತಿಲ್ಲ ಎಂಬುದು ಜನರಿಗೆ ತಿಳಿದುಬಿಟ್ಟರೆ ಎಂಬ ಭಯ. ಕೊನೆಗೆ ಆ ಭಯಕ್ಕೋ ನಾಚಿಕೆಗೋ ಕಣ್ಣೀರು ಬರುತ್ತದೆ, ನೋಡಿದವರು ಅದನ್ನು ಶೋಕ ಅಂದುಕೊಳ್ಳುತ್ತಾರೆ. ನಮ್ಮ ಕಡೆ ಸಾವಿನ ಮನೆಗಳಲ್ಲಿ ಗೋಡೆಗೆ ಒರಗಿ ಕೂತ ಗಂಡಸರನ್ನು ನಾನು ಈ ಕತೆ ಓದಿದ ಮೇಲೆ ಮೊದಲಿನ ಹಾಗೆ ನೋಡಿಲ್ಲ. 1964ರ ಕತೆಯಲ್ಲಿ ಇದೇ ಹ್ಯೂಬರ್ಟ್ ಕುಣಿತದ ಕೂಟವೊಂದರಲ್ಲಿ ರೋಸಳ ಎದುರು ನಿಂತಾಗ, ಓದುಗರಿಗೆ ಆ ಬರದ ಕಣ್ಣೀರು ಮೊದಲೇ ಗೊತ್ತಿರುತ್ತದೆ. ಹುಡುಗಿಗೆ ಗೊತ್ತಿಲ್ಲ. ಪುಸ್ತಕದ ಕ್ರಮದಲ್ಲಿ ಓದಿದರೆ ಅದು ಪ್ರೇಮದ ಆರಂಭ. ಪತ್ರಿಕೆಯ ಕ್ರಮದಲ್ಲಿ ಓದಿದರೆ ‘ಹೋಗಬೇಡ ಮಾರಾಯ್ತಿ’ ಅಂತ ಕೂಗಬೇಕೆನ್ನಿಸುತ್ತದೆ.

ಬ್ಯಾಗಟ್ ಕತೆಗಳಿಗೂ ಹೀಗೊಂದು ಏಟು ಬೀಳುತ್ತದೆ. ಎಂಟು ಹತ್ತು ವರ್ಷ ನಾವು ಡೀಲಿಯಾಳ ಪಕ್ಕದಲ್ಲಿ ಕೂತು ಆ ಮನೆಯ ಜಮಖಾನ, ಸೋಫಾ, ಬೆಕ್ಕು ನಾಯಿಗಳನ್ನೆಲ್ಲ ಪರಿಚಯ ಮಾಡಿಕೊಂಡಿರುತ್ತೇವೆ. 1972ರ ‘ದ ಸ್ಪ್ರಿಂಗ್ಸ್ ಆಫ್ ಅಫೆಕ್ಷನ್’ ಕತೆಯ ಹೊತ್ತಿಗೆ ಡೀಲಿಯಾ ಮಾರ್ಟಿನ್ ಇಬ್ಬರೂ ಇಲ್ಲ. ಮಾರ್ಟಿನ್‌ನ ಅವಳಿ ಸೋದರಿ ಮಿನ್, ಎಂಬತ್ತೇಳರ ಮುದುಕಿ, ಆ ಸಾಮಾನುಗಳನ್ನೆಲ್ಲ ವೆಕ್ಸ್‌ಫರ್ಡ್‌ನ ತನ್ನ ಬಾಡಿಗೆ ಮನೆಗೆ ತಂದು ಜೋಡಿಸಿಕೊಂಡು ನಡುವೆ ಕೂತಿದ್ದಾಳೆ. ಗೆದ್ದವಳು ಅವಳು. ತಮ್ಮ ಸಂಸಾರವನ್ನು ಆ ಡೀಲಿಯಾ ಹೇಗೆ ಹಾಳುಮಾಡಿದಳು ಎಂದು ಇಡೀ ಕತೆಯನ್ನು ಅವಳು ಮತ್ತೊಮ್ಮೆ ಹೇಳುತ್ತಾಳೆ. ನಾವು ಪ್ರೀತಿಯಿಂದ ಕಂಡ ಪ್ರತಿಯೊಂದು ವಸ್ತುವೂ ಈಗ ಮತ್ಸರದ ಕೈಗೆ ಹೋಗಿದೆ. ಮನೆ ಪಾಲಾದದ್ದನ್ನು ನೋಡಿದವರಿಗೆ ಮಿನ್ ಯಾರೆಂದು ಬಿಡಿಸಿ ಹೇಳಬೇಕಿಲ್ಲ. ಆದರೂ ಮಿನ್‌ಳನ್ನು ಪೂರ್ತಿ ದ್ವೇಷಿಸಲು ಮೇವ್ ಬಿಡುವುದಿಲ್ಲ. ಅದು ನನಗೆ ಇವತ್ತಿಗೂ ಬಿಡಿಸದ ಗಂಟು.

ಡಬ್ಲಿನ್ ಕತೆಗಳಲ್ಲಿ ಮನೆಯಿಂದಾಚೆ ಕಾಲಿಡದ ಈ ಲೇಖಕಿ ನ್ಯೂಯಾರ್ಕಿನ ಬಗ್ಗೆ ಬರೆಯುವಾಗ ಮನೆಯ ಮಾತೇ ಎತ್ತುವುದು ಕಡಿಮೆ. 1954ರಿಂದ ‘ಲಾಂಗ್-ವೈಂಡೆಡ್ ಲೇಡಿ’, ಅಂದರೆ ‘ಮಾತು ಮುಗಿಸದ ಹೆಂಗಸು’, ಎಂಬ ಹೆಸರಿನಲ್ಲಿ ಸಣ್ಣ ಸಣ್ಣ ಬರಹಗಳು ಬಂದವು. ಯಾರೋ ಓದುಗಿತ್ತಿ ಪತ್ರಿಕೆಗೆ ಕಾಗದ ಬರೆದ ಹಾಗೆ. 1969ರಲ್ಲಿ ಪುಸ್ತಕವಾಗುವ ತನಕ ಅದರ ಮೇಲೆ ಹೆಸರಿರಲಿಲ್ಲ. ಈ ಹೆಂಗಸು ಹೋಟೆಲಿನ ಕಿಟಕಿ ಪಕ್ಕ ಕೂರುತ್ತಾಳೆ, ಬೀದಿಯಲ್ಲಿ ನಡೆಯುತ್ತಾಳೆ, ಅಪರಿಚಿತರ ಜಗಳ ಕೇಳಿಸಿಕೊಳ್ಳುತ್ತಾಳೆ, ಕೆಡವುತ್ತಿರುವ ಹಳೆಯ ಕಟ್ಟಡಗಳನ್ನು ನೋಡುತ್ತಾಳೆ. ಮೇವ್ ನಿಜಜೀವನದಲ್ಲೂ ಹಾಗೇ ಹೋಟೆಲು, ಬಾಡಿಗೆ ಕೋಣೆ, ಗೆಳೆಯರ ಖಾಲಿ ಬಿದ್ದ ಬೇಸಿಗೆ ಮನೆ ಅಂತ ಅಲೆದವರು. 1954ರಲ್ಲಿ ಸಹೋದ್ಯೋಗಿ ಸೇಂಟ್ ಕ್ಲೇರ್ ಮೆಕೆಲ್ವೇ ಅವರೊಂದಿಗೆ ಆದ ಮದುವೆ ಐದೇ ವರ್ಷಕ್ಕೆ ಮುರಿಯಿತು. ಹಾಸ್ಟೆಲು, ಪಿಜಿ ಅಂತ ಹತ್ತು ವರ್ಷದಲ್ಲಿ ಏಳು ವಿಳಾಸ ಬದಲಿಸಿದ ನನಗೆ ಈ ಬರಹಗಳು ಬಹಳ ಹತ್ತಿರ. ಆದರೂ ಕತೆಗಳ ಮುಂದೆ ಇವು ತೂಕ ಕಡಿಮೆ ಎಂದೇ ನನ್ನ ಅಭಿಪ್ರಾಯ.

ಈಗ ಆ ಟಾಯ್ಲೆಟ್ಟಿನ ಮಾತು. ಎಪ್ಪತ್ತರ ದಶಕದಲ್ಲಿ ಮೇವ್ ಮಾನಸಿಕವಾಗಿ ಕುಸಿದರು, ಆಸ್ಪತ್ರೆ ಸೇರಿ ಬಂದರು, ಮತ್ತೆ ಕುಸಿದರು. ಕೆಲವು ಕಾಲ ಪತ್ರಿಕೆಯ ಕಚೇರಿಯಲ್ಲಿ ಹೆಂಗಸರ ಶೌಚಾಲಯಕ್ಕೆ ಹೊಂದಿಕೊಂಡ ಪುಟ್ಟ ಜಾಗದಲ್ಲಿ ಇದ್ದದ್ದು ನಿಜ. ಆಮೇಲೆ ಜನ ಅವರನ್ನು ಮರೆತರು. 1993ರ ನವೆಂಬರ್ 1ರಂದು ನ್ಯೂಯಾರ್ಕಿನ ಕ್ವೀನ್ಸ್‌ನ ನರ್ಸಿಂಗ್ ಹೋಮ್ ಒಂದರಲ್ಲಿ ತೀರಿಕೊಂಡಾಗ ಅವರ ಒಂದು ಪುಸ್ತಕವೂ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಮತ್ತೆ ಪುಸ್ತಕಗಳು ಬರತೊಡಗಿದಾಗ ಪ್ರತಿ ಲೇಖನವೂ ಇದೇ ಸಂಗತಿಯಿಂದ ಶುರುವಾಗತೊಡಗಿತು. ಇನ್ನೊಂದು ತುದಿಗೆ ಚೆಲುವಿನ ಕತೆ: ಎತ್ತಿ ಕಟ್ಟಿದ ಕೂದಲು, ಕಪ್ಪು ಉಡುಪು, 1948ರ ಆ ಪ್ರಸಿದ್ಧ ಫೋಟೋಗಳು, ಟ್ರೂಮನ್ ಕಪೋಟಿಯ ಹಾಲಿ ಗೋಲೈಟ್ಲಿಗೆ ಈಕೆಯೇ ಸ್ಫೂರ್ತಿ ಎಂಬ ಗಾಳಿಮಾತು. ಒಂದು ತುದಿಯಲ್ಲಿ ಲಿಪ್‌ಸ್ಟಿಕ್, ಇನ್ನೊಂದು ತುದಿಯಲ್ಲಿ ಟಾಯ್ಲೆಟ್. ನಡುವೆ ಇಪ್ಪತ್ತು ಮೂವತ್ತು ವರ್ಷ ಬೆಳಿಗ್ಗೆ ಎದ್ದು ಬರೆಯಲು ಕೂತ ಹೆಂಗಸು ಎಲ್ಲಿ ಹೋದಳು?

ನಮ್ಮ ತಂದೆಯ ಅಕ್ಕ ಒಬ್ಬರಿದ್ದರು, ಅತ್ತೆ. ಗಂಡ ಹೋದ ಮೇಲೆ ತಮ್ಮಂದಿರ ಮನೆಗಳಲ್ಲಿ ಸರದಿ ಪ್ರಕಾರ ಒಂದು ಟ್ರಂಕ್ ಹಿಡಿದು ಇದ್ದವರು. ತೀರ್ಥಹಳ್ಳಿ ಕಡೆ ಇದ್ದ, ಎಂದೋ ಮಾರಿದ ಹಳೆಯ ಮನೆಯನ್ನು ನಮಗೆ ಮಾತಿನಲ್ಲೇ ಸುತ್ತಿಸುತ್ತಿದ್ದರು. ಒರಳು ಎಲ್ಲಿತ್ತು, ಬಚ್ಚಲೊಲೆಗೆ ಸೌದೆ ಎಲ್ಲಿ ಒಟ್ಟುತ್ತಿದ್ದರು, ಯಾವ ಮೆಟ್ಟಿಲು ಅಲುಗುತ್ತಿತ್ತು, ಎಲ್ಲ. ಹೇಳಿದಷ್ಟು ಸಲವೂ ಆ ಮನೆಯಲ್ಲಿ ಬೇರೆ ಯಾರೋ ಬೇರೇನೋ ಮಾಡುತ್ತಿದ್ದರು, ಮನೆ ಮಾತ್ರ ಅಂಗುಲವೂ ಬದಲಾಗುತ್ತಿರಲಿಲ್ಲ. ಕೊನೆಯ ಎರಡು ವರ್ಷ ಅವರಿಗೆ ಅರಿವು ತಪ್ಪಿತ್ತು, ರಾತ್ರಿ ಎದ್ದು ಹೊರಗೆ ಹೊರಟುಬಿಡುತ್ತಿದ್ದರು. ಈಗ ಮನೆಯಲ್ಲಿ ಅವರ ಮಾತು ಬಂದರೆ ಎಲ್ಲರೂ ಹೇಳುವುದು ಆ ಎರಡು ವರ್ಷದ್ದೇ, ಅದೂ ನಗುತ್ತ. ಎಂಬತ್ತು ವರ್ಷದ ಬದುಕಿಗೆ ಎರಡು ವರ್ಷದ ಹೆಸರು.

‘ಹುಚ್ಚು ಮತ್ತು ಸೃಜನಶೀಲತೆ’ ಅಂತ ಒಂದು ಅಧ್ಯಾಯ ಹಾಕಿದರೆ ಪ್ರಬಂಧಕ್ಕೆ ಒಳ್ಳೆಯದು, ಪ್ರಕಟಣೆಗೂ ಅನುಕೂಲ ಎಂದು ಸಲಹೆ ಬಂದಿದೆ. ಸಲಹೆ ಕೊಟ್ಟವರು ನನ್ನ ಹಿತೈಷಿಗಳೇ. ನಾನು ಹಾಕುತ್ತಿಲ್ಲ. ಏಂಜೆಲಾ ಬರ್ಕ್ 2004ರಲ್ಲಿ ಬರೆದ ಜೀವನಚರಿತ್ರೆಯಲ್ಲಿ ಆ ದಿನಗಳ ವಿವರ ಗೌರವದಿಂದ ಬಂದಿದೆ, ಬೇಕಾದವರು ಓದಿಕೊಳ್ಳಬಹುದು. ಆ ಜಾಗದಲ್ಲಿ ನಾನು ‘ದ ವಿಸಿಟರ್’ ಬಗ್ಗೆ ಬರೆಯುತ್ತಿದ್ದೇನೆ. ನಲವತ್ತರ ದಶಕದ ನಡುವೆ ಬರೆದ ಕಿರುಕಾದಂಬರಿ ಅದು, ಒಬ್ಬ ಪ್ರಕಾಶಕರ ಹಳೆಯ ಕಡತಗಳ ಜೊತೆ ನೋಟರ್ ಡೇಮ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಬಿದ್ದಿದ್ದು 2000ದಲ್ಲಿ ಅಚ್ಚಾಯಿತು. ಅಮ್ಮನನ್ನು ಪ್ಯಾರಿಸ್‌ನಲ್ಲಿ ಕಳೆದುಕೊಂಡ ಇಪ್ಪತ್ತೆರಡರ ಹುಡುಗಿ ಡಬ್ಲಿನ್‌ನ ಅಜ್ಜಿಮನೆಗೆ ಬರುತ್ತಾಳೆ. ಅಜ್ಜಿ ಅವಳನ್ನು ಅತಿಥಿಯಾಗಿಯೇ ಇಟ್ಟು ಸಾಗಹಾಕುತ್ತಾಳೆ. ಹುಡುಗಿಯ ಹೆಸರು ಅನಸ್ತಾಸಿಯಾ, ಮೇವ್‌ರ ತಾಯಿಗೆ ಹುಟ್ಟಿನಲ್ಲಿ ಇಟ್ಟ ಹೆಸರು. ಅಂದರೆ ಬಾಗಿಲು ತಟ್ಟಿ ಒಳಗೆ ಸೇರಿಸಿಕೊಳ್ಳದ ಮನೆಯನ್ನು ಅವರು ಇಪ್ಪತ್ತೇಳು ಇಪ್ಪತ್ತೆಂಟರಲ್ಲೇ ಬರೆದಿದ್ದರು, ಯಾವ ಕುಸಿತಕ್ಕೂ ಬಹಳ ಮೊದಲು. ಈಗ ನನಗೂ ಅದೇ ವಯಸ್ಸು.

ಪ್ರಬಂಧದ ಬಿಡುವಿನಲ್ಲಿ 1968ರ ‘ದ ಸೋಫಾ’ ಕತೆಯನ್ನು ನನ್ನ ನೋಟುಬುಕ್ಕಿನಲ್ಲಿ ಕನ್ನಡಕ್ಕೆ ಮಾಡುತ್ತಿದ್ದೇನೆ. ಡೀಲಿಯಾ ಹೊಸ ಸೋಫಾಕ್ಕೆಂದು ಮುಂದಿನ ಕೋಣೆ ಖಾಲಿ ಮಾಡಿ ಮಕ್ಕಳೊಂದಿಗೆ ಕಾಯುವ ಕತೆ. ಮೇವ್‌ರಲ್ಲಿ ಇಷ್ಟು ಸಂತೋಷದ ದಿನ ಸಿಗುವುದೇ ಅಪರೂಪ. ಮೊದಲ ಪುಟದಲ್ಲೇ ಸಿಕ್ಕಿಬಿದ್ದಿದ್ದೇನೆ. ಬೀದಿ ಬಾಗಿಲಿನ ಒಳಗಿರುವ ಆ ಇಕ್ಕಟ್ಟಾದ ಜಾಗವನ್ನು ಅವರು ‘ಹಾಲ್’ ಅನ್ನುತ್ತಾರೆ. ನಮ್ಮಲ್ಲಿ ಹಾಲ್ ಅಂದರೆ ಟಿವಿ ಇರುವ ದೊಡ್ಡ ಕೋಣೆ. ಪಡಸಾಲೆ ಅಂದರೆ ಬಂದವರು ಕೂತು ಎಲೆ ಅಡಿಕೆ ಹಾಕುವ ಜಾಗ. ಇದು ಯಾರೂ ಕೂರದ, ಕೋಟು ತೂಗುಹಾಕುವ, ಗಂಡ ಬಂದ ಸದ್ದು ಹೆಂಡತಿಗೆ ಕೇಳಿಸುವ ಜಾಗ. ಅತ್ತೆ ಇದ್ದಿದ್ದರೆ ಒಂದು ಪದ ಕೊಡುತ್ತಿದ್ದರೇನೋ. ಸದ್ಯಕ್ಕೆ ‘ನಡೆ’ ಅಂತ ಪೆನ್ಸಿಲ್ಲಿನಲ್ಲಿ ಬರೆದಿಟ್ಟು ಮುಂದಿನ ವಾಕ್ಯಕ್ಕೆ ಹೋಗಿದ್ದೇನೆ.