ಕೊಬ್ಬರಿ ಚಿಪ್ಪು, ಕಡಲ ಮೀನು

ತಿಪಟೂರು, ತುರುವೇಕೆರೆ ಕಡೆ ಕೊಬ್ಬರಿ ತೆಗೆದ ಮೇಲೆ ಉಳಿಯುವಂಥ ಚಿಪ್ಪೇ ಸುಟ್ಟು ಇದ್ದಿಲಾಗಿ, ಆ್ಯಕ್ಟಿವೇಟೆಡ್ ಕಾರ್ಬನ್ ಆಗಿ ಅಕ್ವೇರಿಯಂ ಫಿಲ್ಟರ್ ಸೇರುವುದು. ಉಪ್ಪುನೀರಿನ ತೊಟ್ಟಿ ಹೊಸದಾಗಿ ಇಡುವವರು ಎಡವುವುದೂ ಇಲ್ಲೇ: ಕಾರ್ಬನ್ ಇದ್ದರೆ ಸಾಕೆಂದುಕೊಳ್ಳುತ್ತಾರೆ. ಕಾರ್ಬನ್ ನೀರಿನ ಹಳದಿ ಬಣ್ಣ, ವಾಸನೆ ಹೀರುತ್ತದೆ. ಮೀನು ಕೊಲ್ಲುವ ಅಮೋನಿಯಾವನ್ನಲ್ಲ. ಅದನ್ನು ಅರಗಿಸುವ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಲ್ಲಿಯವರೆಗೆ ಮೀನು ಬಿಡಬೇಡಿ.

ಬೋರ್‌ವೆಲ್ ನೀರು ಬೇಡ, ಅಡುಗೆ ಉಪ್ಪೂ ಬೇಡ. ಆರ್‌ಒ ನೀರಿಗೆ ಅಕ್ವೇರಿಯಂನ ಸಮುದ್ರದುಪ್ಪು, ಲೀಟರಿಗೆ ಸುಮಾರು 35 ಗ್ರಾಂ. ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ತಗ್ಗಿದಷ್ಟನ್ನು ಸಿಹಿನೀರಿನಲ್ಲೇ ತುಂಬಿ. ತೊಟ್ಟಿ ಚಿಕ್ಕದಾದಷ್ಟೂ ಏರುಪೇರು ಜಾಸ್ತಿ.

ಹವಳವೂ ಬೇಕೆ? ದಿಬ್ಬ ಕಟ್ಟುವ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಅನುಸೂಚಿಯಲ್ಲಿವೆ. ನಮ್ಮ ಕಡಲಿನಿಂದ ಕಿತ್ತು ತಂದು ಮಾರುವುದೂ ಕೊಳ್ಳುವುದೂ ಅಪರಾಧ. ನೇತ್ರಾಣಿ ದ್ವೀಪದ ಹವಳ ನೇತ್ರಾಣಿಯಲ್ಲೇ ಇರಲಿ.