ರೊಟ್ಟಿ ತಂದ ದೇವದೂತ

ಚರ್ಚಿಗೆ ಹೋಗಿ ಅಭ್ಯಾಸ ಇಲ್ಲದವರಿಗೆ ಮೊದಲು ಒಂದು ಪದ ಹೇಳಿಕೊಡ್ತೀನಿ. ಪ್ರಾರ್ಥನಾ ವಿಷಯ. ಯಾರಿಗಾಗಿ, ಯಾವುದಕ್ಕಾಗಿ ಪ್ರಾರ್ಥಿಸಬೇಕು ಅನ್ನೋದು. ಮಗನಿಗೆ ಕೆಲಸ, ಮಗಳಿಗೆ ಗಂಡು, ಅತ್ತೆಯ ಮೊಣಕಾಲು ನೋವು, ಸೈಟಿನ ಕೋರ್ಟ್ ಕೇಸು. ಕೂಟದ ಕೊನೆಯಲ್ಲಿ ಒಬ್ಬೊಬ್ಬರೇ ಹೇಳ್ತಾರೆ, ಉಳಿದವರು ಕಣ್ಣು ಮುಚ್ಚಿ ಅದನ್ನ ದೇವರ ಮುಂದೆ ಇಡ್ತಾರೆ. ಒಳ್ಳೆಯ ಪದ್ಧತಿ. ನನ್ನ ಇಂಜಿನಿಯರಿಂಗ್ ಫೀಸು ಎರಡು ವರ್ಷ ನಮ್ಮೂರ ಸಭೆಯ ಪ್ರಾರ್ಥನಾ ವಿಷಯ ಆಗಿತ್ತು. ಹಾಗೆ ಪ್ರಾರ್ಥಿಸಿದವರಲ್ಲಿ ಇಬ್ಬರು ಆಮೇಲೆ ಮನೆಗೆ ಬಂದು ದುಡ್ಡೂ ಕೊಟ್ಟು ಹೋದರು.

ಆದರೆ ಈ ಪದ್ಧತಿಗೆ ಒಂದು ಹಿತ್ತಲ ಬಾಗಿಲೂ ಇದೆ. ಬೇರೆಯವರ ಮನೆಯ ಸಂಗತಿಗೆ ಪ್ರಾರ್ಥನಾ ವಿಷಯ ಅಂತ ಹೆಸರಿಟ್ಟುಬಿಟ್ಟರೆ ಅದು ಚಾಡಿ ಅನ್ನಿಸಿಕೊಳ್ಳೋದಿಲ್ಲ. ಕಣ್ಣು ಮುಚ್ಚಿ, ದನಿ ತಗ್ಗಿಸಿ ಹೇಳಿದರಂತೂ ಭಕ್ತಿಯೇ.

ನನ್ನ ದೊಡ್ಡಪ್ಪನ ಮಗಳು, ನನಗೆ ಅಕ್ಕ, ಹೋಗಿ ಸಿಕ್ಕಿದ್ದು ಆ ಬಾಗಿಲಿನಲ್ಲೇ.

ಬೆಂಗಳೂರಿಗೆ ಬಂದಾಗಿನಿಂದ ಅವಳು ಒಂದೇ ಸಭೆಗೆ ಹೋಗ್ತಿದ್ದಳು. ಅಂಗಡಿ ಸಾಲಿನ ಮೇಲೊಂದು ಬಾಡಿಗೆ ಹಾಲು, ಪ್ಲಾಸ್ಟಿಕ್ ಕುರ್ಚಿ, ಎರಡು ದೊಡ್ಡ ಸ್ಪೀಕರ್. ಹನ್ನೊಂದು ವರ್ಷ. ಭಾನುವಾರ ಎಲ್ಲರಿಗಿಂತ ಮೊದಲು ಹೋಗಿ ಕುರ್ಚಿ ಒರೆಸೋಳು ಅವಳೇ. ಭಾವ ಕ್ಯಾಬ್ ಓಡಿಸ್ತಿದ್ದರು. ಎರಡು ವರ್ಷದ ಹಿಂದೆ ಅವರ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ 3 ಸಲ ಡಯಾಲಿಸಿಸ್, ಸಲಕ್ಕೆ ಸುಮಾರು 4 ತಾಸು. ಕ್ಯಾಬಿನ ಸಾಲ ತೀರಿರಲಿಲ್ಲ. ಕುಡಿಯೋ ನೀರಿಗೂ ಲೆಕ್ಕ, ಬಾಟಲಿಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಗೆರೆ ಹಾಕಿ ಇಟ್ಟಿರ್ತಾಳೆ ಅಕ್ಕ.

ಆ ಸಾಲದ ವಿಷಯ, ಜೊತೆಗೆ ಭಾವ ಒಂದು ಕಾಲದಲ್ಲಿ ಕುಡೀತಿದ್ದ ವಿಷಯ, ಇವೆರಡನ್ನೂ ಅವಳು ಸಭೆಯ ಹಿರಿಯ ಹೆಂಗಸೊಬ್ಬರ ಹತ್ತಿರ ಹೇಳಿಕೊಂಡಳು. ಅಡುಗೆಮನೆಯಲ್ಲಿ, ಅಳುತ್ತಾ. ಮುಂದಿನ ಭಾನುವಾರ ಅದು ಮೈಕಿನಲ್ಲಿ ಬಂತು. ಹೆಸರು ಹೇಳಲಿಲ್ಲ ನೋಡಿ, ಅಷ್ಟು ಸೂಕ್ಷ್ಮ. ನಮ್ಮ ನಡುವೆ ಒಬ್ಬ ಸಹೋದರಿ ಇದ್ದಾಳೆ, ಅವಳ ಮನೆಯಲ್ಲಿ ಅರಿಕೆ ಮಾಡದ ಪಾಪ ಇದೆ, ಅದಕ್ಕೇ ಯಜಮಾನರಿಗೆ ವಾಸಿ ಆಗ್ತಿಲ್ಲ. ಡಯಾಲಿಸಿಸ್‌ಗೆ ಹೋಗುವ ಗಂಡ ಆ ಹಾಲಿನಲ್ಲಿ ಇದ್ದದ್ದು ಒಬ್ಬಳಿಗೇ. ಎಪ್ಪತ್ತು ಎಂಬತ್ತು ತಲೆ ಹಿಂದಕ್ಕೆ ತಿರುಗಿದವು.

ಅವತ್ತಿನಿಂದ ಅವಳು ಹೋಗಿಲ್ಲ. ಹೋಗದಿದ್ದ ಮೇಲೆ ಮೆಸೇಜ್‌ಗಳು ಬರೋಕೆ ಶುರುವಾದವು. ಸೂರ್ಯೋದಯದ ಚಿತ್ರದ ಮೇಲೆ ಬೈಬಲ್ ವಚನ. ಸಭೆಯಾಗಿ ಕೂಡೋದನ್ನ ಬಿಡಬಾರದು ಅನ್ನೋ ಇಬ್ರಿಯರ ಪತ್ರದ ಮಾತು ಅಂತೂ ವಾರಕ್ಕೆರಡು ಸಲ. ಮಂಗಳವಾರ ಆಸ್ಪತ್ರೆಗೆ ಭಾವನ ಜೊತೆ ಯಾರು ಹೋಗ್ತಾರೆ ಅಂತ ಒಬ್ಬರೂ ಕೇಳಲಿಲ್ಲ.

ಫೋನಿನಲ್ಲಿ ಅಕ್ಕ ನನಗೆ ಹೇಳಿದ್ದು ಇಷ್ಟು: "ಪ್ರಾರ್ಥನಾ ಮಾಡಾಕ ಕುಂತ್ರ ಬಾಯಾಗ ಮಾತ ಬರವಲ್ವು ತಮ್ಮಾ. ಕಣ್ಣ ಮುಚ್ಚಿದ್ರ ಆ ಮೈಕಿನ ದನೀನ ಕೇಳಸ್ತೈತಿ."

ಜನ ಚರ್ಚಿನಿಂದ ನೊಂದೆ ಅಂದರೆ ನಾವು ಏನೋ ಜಗಳ, ಈಗೋ ಸಮಸ್ಯೆ ಅಂದುಕೊಳ್ತೀವಿ. ಕಂಪನಿಯಲ್ಲಿ ನೊಂದರೆ ಬೇರೆ ಕಂಪನಿಗೆ ಹೋಗಬಹುದು. ಇದು ಹಾಗಲ್ಲ. ಕಷ್ಟ ಬಂದಾಗ ಹೋಗೋ ಜಾಗದಲ್ಲೇ ಹೊಡೆತ ಬಿದ್ದರೆ ಆ ಹೊಡೆತದ ನೋವು ಹೇಳಿಕೊಳ್ಳೋಕೂ ಜಾಗ ಉಳಿಯೋದಿಲ್ಲ. ದೇವರ ದನಿಯೂ ಆ ಮೈಕಿನ ದನಿಯೂ ಒಂದೇ ಅನ್ನಿಸಿಬಿಡುತ್ತೆ.

ನಮ್ಮದು ಗದಗದ ಕಡೆಯ ಹಳ್ಳಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್‌ನವರು ಕೆಲವೇ ವರ್ಷಗಳಲ್ಲಿ ಘಟ್ಟ ಹತ್ತಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿ ಕಡೆಗೂ ಬಂದರು. ನಮ್ಮ ಮನೆತನಕ್ಕೆ ಬೈಬಲ್ ಬಂದದ್ದು ಆ ದಾರಿಯಲ್ಲೇ. ಊರಲ್ಲಿ ಯಾರಾದರೂ ಸತ್ತರೆ ಆ ಮನೆಯಲ್ಲಿ ಒಲೆ ಹಚ್ಚೋದಿಲ್ಲ, ಅಕ್ಕಪಕ್ಕದವರು ಬುತ್ತಿ ತರ್ತಾರೆ. ಜೋಳದ ರೊಟ್ಟಿ, ಪುಂಡಿಪಲ್ಯ. ತರೋರಲ್ಲಿ ಲಿಂಗಾಯತರೂ ಇರ್ತಾರೆ, ಸಾಬರೂ ಇರ್ತಾರೆ. ನಮ್ಮ ಸಭಾಪಾಲಕರು, ನಾವು ಅಯ್ಯನವರು ಅಂತಿದ್ದೆವು, ಬಂದು ಕಟ್ಟೆಯ ಮೇಲೆ ಸುಮ್ಮನೆ ಕೂರೋರು. ಪ್ರಾರ್ಥನೆ ಎರಡು ನಿಮಿಷ, ಕೂರೋದು ಎರಡು ತಾಸು.

ಯೋಬನ ಕಥೆಯಲ್ಲಿ ಅವನ ಗೆಳೆಯರು ಮಾಡಿದ್ದೂ ಮೊದಮೊದಲು ಇದನ್ನೇ. ಏಳು ಹಗಲು ಏಳು ರಾತ್ರಿ ನೆಲದ ಮೇಲೆ ಅವನ ಜೊತೆ ಬಾಯಿ ಬಿಡದೆ ಕೂತರು. ಆಮೇಲೆ ಬಾಯಿ ಬಿಟ್ಟರು, ಅಲ್ಲೇ ಕೆಟ್ಟಿತು. ನೀನು ಏನೋ ತಪ್ಪು ಮಾಡಿರಲೇಬೇಕು ಅಂತ ಅಧ್ಯಾಯಗಟ್ಟಲೆ ವಾದಿಸಿದರು. ಪುಸ್ತಕದ ಕೊನೆಯಲ್ಲಿ ದೇವರು ಸಿಟ್ಟಾಗಿದ್ದು ದೇವರನ್ನೇ ಪ್ರಶ್ನೆ ಮಾಡಿದ ಯೋಬನ ಮೇಲಲ್ಲ, ದೇವರ ಪರ ವಕೀಲಿಕೆ ಮಾಡಿದ ಈ ಗೆಳೆಯರ ಮೇಲೆ. ಮೈಕ್ ಹಿಡಿಯೋರು ಆ ಕೊನೆಯ ಅಧ್ಯಾಯವನ್ನ ಯಾಕೆ ಓದೋದಿಲ್ಲವೋ!

ಇನ್ನೊಂದು. ತಪ್ಪು ಮಾಡಿದವನ ಹತ್ತಿರ ಮೊದಲು ಒಬ್ಬನೇ ಹೋಗಿ ಮಾತಾಡು, ಕೇಳದಿದ್ದರೆ ಒಬ್ಬಿಬ್ಬರನ್ನ ಕರಕೊಂಡು ಹೋಗು, ಆಮೇಲಷ್ಟೇ ಸಭೆಗೆ ತಿಳಿಸು ಅಂತ ಯೇಸು ಹೇಳಿದ್ದು ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿದೆ. ನಮ್ಮ ಆಫೀಸಿನ ಎಸ್ಕಲೇಶನ್ ಮ್ಯಾಟ್ರಿಕ್ಸ್ ಕೂಡ ಇಷ್ಟು ಚೆಂದ ಇಲ್ಲ. ಅಕ್ಕನ ವಿಷಯದಲ್ಲಿ ಮಾಡದ ತಪ್ಪು ನೇರ ಮೂರನೇ ಲೆವೆಲ್ಲಿಗೆ ಹೋಯಿತು.

ಒಂದು ಶನಿವಾರ ಡಯಾಲಿಸಿಸ್ ಸೆಂಟರಿನ ಹೊರಗೆ ಬೆಂಚಿನ ಮೇಲೆ ಅಕ್ಕನ ಪಕ್ಕ ಕೂತು 88ನೇ ಕೀರ್ತನೆ ಓದಿದೆ. ಬೈಬಲ್‌ನಲ್ಲಿ 150 ಕೀರ್ತನೆಗಳಿವೆ, ಸುಮಾರು ಮೂರರಲ್ಲಿ ಒಂದು ಪಾಲು ಗೋಳು, ದೂರು, ಇನ್ನೂ ಎಷ್ಟು ದಿನ ಅನ್ನೋ ಪ್ರಶ್ನೆ. ಅವುಗಳಲ್ಲಿ ಹೆಚ್ಚಿನವು ಕೊನೆಗೆ ಎಲ್ಲೋ ಒಂದು ಕಡೆ ಸ್ತೋತ್ರಕ್ಕೆ ತಿರುಗುತ್ತವೆ. 88 ತಿರುಗೋದೇ ಇಲ್ಲ. ಹೀಬ್ರೂ ಮೂಲದಲ್ಲಿ ಅದರ ಕಟ್ಟಕಡೆಯ ಪದವೇ ಕತ್ತಲೆ. ಆಪ್ತರನ್ನೆಲ್ಲ ನನ್ನಿಂದ ದೂರ ಮಾಡಿದವನು ನೀನೇ ಅಂತ ದೇವರ ಮುಖಕ್ಕೇ ಹೇಳಿ ಮುಗಿಯುತ್ತೆ.

ಅಕ್ಕ ಪುಸ್ತಕ ಕಿತ್ತುಕೊಂಡು ನೋಡಿದಳು. "ಇದು ನಮ್ಮ ಬೈಬಲ್‌ನಾಗ ಐತೇನು? ಇಷ್ಟ ವರ್ಷ ಯಾರೂ ಓದಲೇ ಇಲ್ಲಲ್ಲೋ!"

ಆಮೇಲೆ 55 ಓದಿದೆವು. ವೈರಿ ಹೀಯಾಳಿಸಿದ್ದರೆ ತಡಕೊಳ್ಳಬಹುದಿತ್ತು, ಆದರೆ ಮಾಡಿದ್ದು ನೀನು, ದೇವರ ಮನೆಗೆ ನನ್ನ ಜೊತೆಜೊತೆಗೇ ನಡೆದವನು ಅನ್ನೋ ಅಳಲು ಅದರಲ್ಲಿದೆ. ಯೇಸುವೇ ಶಿಲುಬೆಯ ಮೇಲೆ ಕೂಗಿದ್ದು 22ನೇ ಕೀರ್ತನೆಯ ಮೊದಲ ಸಾಲು, ಅದೂ ದೂರೇ. ಹಾಗಾಗಿ ದೂರು ಹೇಳೋದು ನಂಬಿಕೆ ಕಡಿಮೆಯಾದದ್ದರ ಗುರುತು ಅನ್ನೋರ ಮಾತು ನನಗೆ ಒಪ್ಪಿಗೆ ಇಲ್ಲ. ಯಾರೂ ಕೇಳೋರಿಲ್ಲ ಅಂತ ಗೊತ್ತಿದ್ದರೆ ದೂರು ಕೊಡೋಕೆ ಯಾರು ಹೋಗ್ತಾರೆ?

ಅಕ್ಕನಿಗೆ ಹಿಡಿಸಿದ್ದು ಹನ್ನಳ ಕಥೆ. ಮಕ್ಕಳಿಲ್ಲದ ಹೆಂಗಸು, ದೇವಾಲಯದಲ್ಲಿ ನಿಂತು ತುಟಿ ಮಾತ್ರ ಆಡಿಸ್ತಾ ಅಳ್ತಾ ಪ್ರಾರ್ಥಿಸ್ತಿದ್ದಾಳೆ. ಯಾಜಕ ಏಲಿ ನೋಡಿದವನೇ ಕುಡಿದು ಬಂದಿದ್ದೀಯಾ ಅಂತ ಗದರಿದ. ಗುಡಿಯ ದೊಡ್ಡ ಮನುಷ್ಯನೇ ತಪ್ಪು ತಿಳಿದ. ಹನ್ನ ತಲೆ ಬಗ್ಗಿಸಿ ಹೊರಟು ಹೋಗಲಿಲ್ಲ. ಇಲ್ಲ ಸ್ವಾಮಿ, ನಾನು ಕುಡಿದಿಲ್ಲ, ನೊಂದಿದ್ದೀನಿ ಅಂತ ಬಾಯಿ ಬಿಟ್ಟು ಹೇಳಿದಳು. ಏಲಿಯ ಬಗ್ಗೆ ಒಂದು ಒಳ್ಳೆ ಮಾತೂ ಹೇಳಬೇಕು. ಅವಳ ಮಾತು ಕೇಳಿದ ಮೇಲೆ ಅವನು ಮಾತು ಬದಲಿಸಿದ, ಸಮಾಧಾನದಿಂದ ಹೋಗು ಅಂತ ಹರಸಿದ. ಅಕ್ಕನಿಗೆ ಇಲ್ಲಿಯವರೆಗೆ ಅಂಥ ಏಲಿ ಸಿಕ್ಕಿಲ್ಲ.

ಯೋಹಾನನ ಸುವಾರ್ತೆಯ 9ನೇ ಅಧ್ಯಾಯದ ಹುಟ್ಟುಕುರುಡನನ್ನೂ ಹೇಳಿದೆ. ಕಣ್ಣು ಬಂದಾಗ ಅವನಿಗೆ ಸಿಕ್ಕ ಬಹುಮಾನ ವಿಚಾರಣೆ. ಸಭಾಮಂದಿರದಿಂದ ಬಹಿಷ್ಕಾರ ಆದೀತು ಅಂತ ಹೆತ್ತವರೇ ಹಿಂದೆ ಸರಿದರು. ಕೊನೆಗೆ ಅವನನ್ನ ಹೊರಗೆ ಹಾಕಿದರು. ಹೊರಗೆ ಹಾಕಿದ್ದು ಕೇಳಿ ಯೇಸು ಅವನನ್ನ ಹುಡುಕಿಕೊಂಡು ಹೋಗ್ತಾನೆ. ಒಳಗೆ ಹೋಗಿ ಕ್ಷಮೆ ಕೇಳಿ ಬಾ ಅನ್ನಲಿಲ್ಲ. ಹೊರಗೇ ಅವನ ಹತ್ತಿರ ಮಾತಾಡಿದ.

ಕ್ಷಮಿಸಿಬಿಡು ಅಂತ ಅಕ್ಕನಿಗೆ ನಾನು ಒಮ್ಮೆಯೂ ಹೇಳಿಲ್ಲ. ಕ್ಷಮೆ ಬೇಕು, ಅದು ನಮ್ಮ ನಂಬಿಕೆಯ ಬೇರು. ಆದರೆ ಗಾಯದ ಬಟ್ಟೆ ಬಿಚ್ಚೋ ಮೊದಲೇ ಕ್ಷಮಿಸು ಅನ್ನೋರಿಗೆ ಬೇಕಾಗಿರೋದು ಅವಳ ಸಮಾಧಾನ ಅಲ್ಲ, ತಮ್ಮ ಸಮಾಧಾನ.

ಎಲೀಯ ಗೊತ್ತಲ್ಲ, ರಾಣಿಗೆ ಹೆದರಿ ಮರುಭೂಮಿಗೆ ಓಡಿಹೋದ ಪ್ರವಾದಿ. ಒಂದು ಗಿಡದ ಕೆಳಗೆ ಬಿದ್ದುಕೊಂಡು ಸಾಕು ದೇವರೇ, ಪ್ರಾಣ ತಗೋ ಅಂದ. ದೇವರು ದೂತನನ್ನ ಕಳಿಸಿದ. ದೂತ ಉಪದೇಶ ಮಾಡಲಿಲ್ಲ. ತಟ್ಟಿ ಎಬ್ಬಿಸಿ ಉಣ್ಣು ಅಂದ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ಪಾತ್ರೆ ನೀರು. ಉಂಡು ಮತ್ತೆ ಮಲಗಿದ. ಏಳು, ಎಷ್ಟು ಮಲಗ್ತೀಯ ಅನ್ನಲಿಲ್ಲ. ಎರಡನೇ ಸಲವೂ ಅದೇ ರೊಟ್ಟಿ, ಅದೇ ನೀರು. ದಾರಿ ದೂರ ಇದೆ ಅಂತ ಅಷ್ಟೇ ಹೇಳಿದ. ನಮ್ಮ ಕಡೆ ಬುತ್ತಿ ತರೋರು ಮಾಡೋದೂ ಇದನ್ನೇ ಅಲ್ಲವಾ?

ಹಾಗಾಗಿ ನಿಮ್ಮ ಪಕ್ಕದ ಡೆಸ್ಕಿನಲ್ಲಿ ಅಕ್ಕನಂಥವರು ಯಾರಾದರೂ ಇದ್ದರೆ, ನೀವು ಯಾವ ದೇವರಿಗೆ ಕೈಮುಗಿಯೋರಾದರೂ ಸರಿ, ಅವರ ಚರ್ಚಿನ ಪರ ವಾದಿಸಬೇಡಿ, ಚರ್ಚನ್ನ ಬಯ್ಯೋ ಕೆಲಸವನ್ನೂ ನೀವೇ ವಹಿಸಿಕೊಳ್ಳಬೇಡಿ. ಆಸ್ಪತ್ರೆ ಯಾವ ದಿನ ಅಂತ ಕೇಳಿ. ಬಿಪಿಎಲ್ ಕಾರ್ಡ್ ಇರೋರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಉಚಿತವಾಗಿ ಸಿಗೋ ರಾಷ್ಟ್ರೀಯ ಕಾರ್ಯಕ್ರಮ 2016ರಿಂದ ಇದೆ. ಆ ಫಾರಂ ತುಂಬಿಸೋಕೆ ಜೊತೆಗೆ ಹೋಗಿ. ಕಿಡ್ನಿ ಕಸಿಗಾಗಿ ಆಸ್ಪತ್ರೆಯ ಮೂಲಕ ಜೀವಸಾರ್ಥಕತೆಯಲ್ಲಿ ಭಾವನ ಹೆಸರು ನೋಂದಾಯಿಸಿದ ದಿನ ಅಕ್ಕ ತಿಂಗಳುಗಳ ನಂತರ ಸ್ವಲ್ಪ ನಕ್ಕಿದ್ದಳು.

ಪ್ರಾರ್ಥನೆಯೂ ಮಾಡ್ತೀವಿ. ಅವಳಿಗೆ ಮಾತು ಬರದಿದ್ದಾಗ ನಾನು ಹೇಳ್ತೀನಿ, ಅವಳ ಅಪ್ಪಣೆ ಕೇಳಿ, ಅವಳ ಹೆಸರು ಯಾವ ಗುಂಪಿಗೂ ಹಾಕದೆ. ಹೆಚ್ಚುಕಡಿಮೆ ಹೀಗಿರುತ್ತೆ:

ಕರ್ತನೇ, ಅಕ್ಕ ಇವತ್ತು ಮಾತಾಡೋ ಸ್ಥಿತಿಯಲ್ಲಿಲ್ಲ. ನಿನ್ನ ಹೆಸರು ಹೇಳಿಯೇ ಅವಳನ್ನ ನೋಯಿಸಿದ್ದಾರೆ, ನೀನು ನೋಡಿದ್ದೀಯ. ಅವಳ ಸಿಟ್ಟನ್ನ ನೀನೇ ಇಟ್ಟುಕೋ, ಅವಳಿಗೆ ಹೊರೋಕಾಗ್ತಿಲ್ಲ. ಭಾವನ ಈ ನಾಲ್ಕು ತಾಸು ಸುಸೂತ್ರವಾಗಿ ಕಳೆಯಲಿ, ಬಿಪಿ ಇಳಿಯದಿರಲಿ. ಇವತ್ತು ರಾತ್ರಿ ಅಕ್ಕನಿಗೆ ನಿದ್ದೆ ಕೊಡು. ಆಮೆನ್.

ಅವಳು ಇನ್ನೂ ಯಾವ ಸಭೆಗೂ ಹೋಗ್ತಿಲ್ಲ. ಹೋಗು ಅಂತ ನಾನೂ ಹೇಳಿಲ್ಲ. ಶನಿವಾರಗಳಂದು ಬೆಂಚಿನ ಮೇಲೆ ಕೂತಾಗ 88 ಓದೋದು ಮಾತ್ರ ರೂಢಿ ಆಗಿಬಿಟ್ಟಿದೆ. ಮೊನ್ನೆ ಪುಸ್ತಕ ತೆರೆದೆ, ಅವಳು ಕೈ ಅಡ್ಡ ಹಿಡಿದಳು.

"ಅದು ಬ್ಯಾಡ. ಇವತ್ತ ಬ್ಯಾರೆ ಯಾವದರ ಓದು. ಸಣ್ಣದು ಓದು, ನಿಮ್ಮ ಭಾವನ ಮಷಿನ್ ಬಂದ್ ಮಾಡೂ ಹೊತ್ತಾತು."

ಎಲ್ಲಕ್ಕಿಂತ ಸಣ್ಣದು 117. ಎರಡೇ ವಚನ. ಅದನ್ನ ಓದಿದೆ.